ಮಚ್ಚೆ ಬೆನ್ನ ಮೇಲಷ್ಟೇ ಇದೆಯೇ?

ಚಪ್, ಚಪ್. ಅಷ್ಟೇ ಸದ್ದು.

ವೃಂದಾ ಕಣ್ಣು ಬಿಟ್ಟಳು. ಮದರಾಸಿನ ತ್ರಿಪ್ಲಿಕೇನಿನ ಆ ಬೀದಿಯಲ್ಲಿ ಲಾಡ್ಜುಗಳ ಗದ್ದಲ, ಎದುರಿನ ಮೆಸ್ಸಿನಲ್ಲಿ ಪಾತ್ರೆ ತೊಳೆಯುವ ಸದ್ದು ಎಲ್ಲವೂ ಅಡಗಿ ಬಹಳ ಹೊತ್ತಾಗಿತ್ತು. ಫ್ಯಾನು ತಿರುಗುತ್ತಿತ್ತು. ಅದರ ನಡುವೆ ಮತ್ತೆ, ಚಪ್, ಚಪ್. ಮಗು ಹಾಲು ಚೀಪುವಾಗ ಬರುವ ಸದ್ದು. ಆದರೆ ಮಗು ಅವಳ ಎದೆಯಲ್ಲಿರಲಿಲ್ಲ. ಪಕ್ಕದ ಪುಟ್ಟ ಹಾಸಿಗೆಯಲ್ಲಿ ಅಂಗಾತ ಮಲಗಿತ್ತು.

ಫೋನಿನ ಬೆಳಕು ಹಾಕಿ ನೋಡಿದಳು. ಮಗು ಶ್ರೀಯಾಳ ಕಣ್ಣುಗಳು ತೆರೆದೇ ಇದ್ದವು. ಗೋಡೆಯ ಕಡೆಗೆ ಹೊರಳಿ ಅಲ್ಲೇ ನಿಂತಿದ್ದವು. ಗೋಡೆಯ ಮೇಲೆ ಏನೂ ಇರಲಿಲ್ಲ. ತುಟಿ ಮಾತ್ರ ಆಡುತ್ತಿತ್ತು. ಬಲಗೈ ಮುಷ್ಟಿ ಕಟ್ಟಿಕೊಂಡು ಮೇಲೆದ್ದು ಕೋಲಿನಂತೆ ಬಿಗಿದಿತ್ತು.

"ಕಣ್ಣಾ, ಇಲ್ಲಿ ನೋಡು. ಅಮ್ಮನ್ನ ನೋಡು."

ಮಗು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಮುಷ್ಟಿ ಸಡಿಲವಾಗಿ ಕೈ ತಾನೇ ಕೆಳಗೆ ಬಿತ್ತು. ಉದ್ದವಾಗಿ ಒಂದು ಉಸಿರು ಬಿಟ್ಟು ಮಗು ನಿದ್ದೆಹೋಯಿತು.

"ಏನೇ ಅದು, ಲೈಟು?" ಎಂದು ನಡುಮನೆಯಿಂದ ಅತ್ತೆ ಜಯಲಕ್ಷ್ಮಮ್ಮ ಎದ್ದು ಬಂದರು.

ವೃಂದಾ ಕಂಡದ್ದನ್ನು ಹೇಳಿದಳು.

"ಅಯ್ಯೋ, ಅಷ್ಟಕ್ಕೆ ನನ್ನನ್ನ ಎಬ್ಬಿಸಿದ್ಯಾ? ಮಕ್ಕಳನ್ನ ಕಾಯೋ ಷಷ್ಠೀದೇವಿ ಆಡಿಸ್ತಾಳೆ. ಹಸುಗೂಸು ನಿದ್ದೇಲಿ ನಗುತ್ತೆ, ಅಳುತ್ತೆ, ಬಾಯಿ ಚಪ್ಪರಿಸುತ್ತೆ. ನಿನ್ನ ಗಂಡನೂ ಹೀಗೇ ಮಾಡ್ತಿದ್ದ."

"ಕೈ ಬಿಗಿದಿತ್ತು ಅತ್ತೆ. ಕರೆದರೆ ನೋಡಲಿಲ್ಲ."

"ನಿದ್ದೇಲಿರೋ ಮಗು ಎದ್ದು ನಮಸ್ಕಾರ ಮಾಡುತ್ತಾ? ಮಲಕ್ಕೋ ಹೋಗು."

ವೃಂದಾ ಮಲಗಲಿಲ್ಲ. ಬೆಳಗಾಗುವವರೆಗೂ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿದ್ದಳು. ಗಂಡ ಸತ್ಯಾತ್ಮನಿಗೆ ಮಣಲಿಯ ಕಾರ್ಖಾನೆಯಲ್ಲಿ ರಾತ್ರಿ ಶಿಫ್ಟು. ಒಳಗೆ ಫೋನು ಬಿಡುವುದಿಲ್ಲ. ಹೇಳೋಣವೆಂದರೆ ಅವನೂ ಸಿಗುವಂತಿರಲಿಲ್ಲ.

ಅವಳ ಹೆದರಿಕೆಗೆ ಇನ್ನೊಂದು ಕಾರಣವಿತ್ತು. ಆ ಕಾರಣವನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಶ್ರೀಯಾ ಹುಟ್ಟುವಾಗಲೇ ಬೆನ್ನ ತುಂಬ ಮಚ್ಚೆ ಹೊತ್ತು ಬಂದವಳು. ಕತ್ತಿನ ಬುಡದಿಂದ ಸೊಂಟ ದಾಟಿ ತೊಡೆಯವರೆಗೆ ಒಂದೇ ಕಪ್ಪು, ಅದರ ಮೇಲೆ ಮೆತ್ತನೆಯ ಕೂದಲು. ಕೈಕಾಲು, ಹೊಟ್ಟೆ, ತಲೆಯ ಮೇಲೂ ಸಾಸಿವೆ, ಮೆಣಸಿನ ಕಾಳಿನ ಗಾತ್ರದ ಬೇರೆ ಮಚ್ಚೆಗಳು. ಹೆರಿಗೆ ಮಾಡಿಸಿದ ಡಾಕ್ಟರು ಆಗಲೇ ಹೇಳಿದ್ದರು. ಚರ್ಮದ ಡಾಕ್ಟರಿಗೆ ತೋರಿಸಿ, ಇಂಥ ಮಚ್ಚೆ ಇರುವ ಮಕ್ಕಳಿಗೆ ತಲೆಯ ಎಂಆರ್‌ಐ ಸ್ಕ್ಯಾನ್ ಬೇಗ ಮಾಡಿಸಬೇಕು, ತಡಮಾಡಬೇಡಿ, ಎಂದು.

"ಚರ್ಮಕ್ಕೂ ತಲೆಗೂ ಏನು ಸಂಬಂಧ?" ಎಂದು ಜಯಲಕ್ಷ್ಮಮ್ಮ ಮನೆಗೆ ಬರುವ ಆಟೋದಲ್ಲೇ ಕೇಳಿದ್ದರು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ನಾಮಕರಣ ಮುಗಿಯಲಿ ಎಂದರು. ಆಮೇಲೆ, ಮಗು ಸ್ವಲ್ಪ ಗಟ್ಟಿಯಾಗಲಿ ಎಂದರು. ಈಗ ಐದನೇ ತಿಂಗಳು ನಡೆಯುತ್ತಿತ್ತು.

ಅಷ್ಟರಲ್ಲಿ ಮಚ್ಚೆಯನ್ನು ಮುಚ್ಚುವುದೇ ಮನೆಯ ದೊಡ್ಡ ಕೆಲಸವಾಗಿತ್ತು. ಹೆಣ್ಣು ಮಗು, ನಾಳೆ ಯಾರಾದರೂ ಆಡಿಕೊಂಡರೆ? ಅಗ್ನಿನಕ್ಷತ್ರವೆನ್ನುವ ಮೇ ತಿಂಗಳ ಸುಡುಬಿಸಿಲಿನಲ್ಲಿ ಮದರಾಸಿನ ಬೇರೆ ಮಕ್ಕಳೆಲ್ಲ ಬರೀ ಚಡ್ಡಿಯಲ್ಲಿದ್ದರೆ ಶ್ರೀಯಾ ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಪೈಜಾಮದಲ್ಲಿ ಬೆವರಿ ಅಳುತ್ತಿದ್ದಳು. ಸ್ನಾನ ಮಾಡಿಸಲು ಹೊರಗಿನವರನ್ನು ಕರೆಯಲಿಲ್ಲ. ಅತ್ತೆಯೇ ಬಚ್ಚಲಲ್ಲಿ ಕಾಲು ನೀಡಿ ಕೂತು, ಮೊದಲು ಮುಂಬಾಗಿಲ ಚಿಲಕ ಹಾಕಿಸಿ, ಆಮೇಲೆ ಮಗುವಿನ ಬಟ್ಟೆ ಬಿಚ್ಚುತ್ತಿದ್ದರು.

"ವೃಂದಾ, ಚಿಲಕ ಹಾಕಿದ್ಯಾ?"

"ಹಾಕಿದೆ ಅತ್ತೆ," ಎಂದಳು ಆ ಬೆಳಿಗ್ಗೆಯೂ. ಹಾಕಿರಲಿಲ್ಲ. ಬಾಗಿಲು ಬರೀ ಒರಗಿಸಿ ಬಂದಿದ್ದಳು. ಅದಕ್ಕೂ ಮೊದಲು ಕೆಳಗಿನ ಪೋರ್ಶನ್ನಿನ ರಂಜನಿಗೆ ಫೋನು ಮಾಡಿ, "ಕೆಲಸಕ್ಕೆ ಹೋಗುವ ಮುಂಚೆ ಒಂದು ನಿಮಿಷ ಮೇಲೆ ಬಾ, ಬಾಗಿಲು ತಟ್ಟಬೇಡ," ಎಂದಿದ್ದಳು.

ರಂಜನಿ ಪೆರಂಬೂರಿನಲ್ಲಿ ಬೆಳೆದ, ರೈಲ್ವೆ ನೌಕರರ ಮನೆಯ ಕನ್ನಡದ ಹುಡುಗಿ, ವೃಂದಾಳ ಗೆಳತಿ. ಮಕ್ಕಳ ದೊಡ್ಡ ಆಸ್ಪತ್ರೆಯಲ್ಲಿ ಎಂಆರ್‌ಐ ಯಂತ್ರ ನಡೆಸುವುದು ಅವಳ ಕೆಲಸ.

ಅವಳು ಬಂದಾಗ ಜಯಲಕ್ಷ್ಮಮ್ಮನವರ ಕಾಲ ಮೇಲೆ ಮಗು ಬೋರಲಾಗಿ ಮಲಗಿತ್ತು. ಅಷ್ಟಗಲದ ಕಪ್ಪು ಬೆನ್ನ ಮೇಲೆ ನೀರು ಹರಿಯುತ್ತಿತ್ತು.

ಅತ್ತೆ ಚೊಂಬು ಕೆಳಗಿಟ್ಟು ಸೆರಗಿನಿಂದ ಮಗುವನ್ನು ಮುಚ್ಚಿದರು. "ಯಾರು? ರಂಜನೀನಾ? ಏನಮ್ಮಾ, ಬಾಗಿಲು ತಟ್ಟೋದು ನಿಮ್ಮ ಪೆರಂಬೂರಲ್ಲಿ ಕಲಿಸಲ್ವಾ?"

"ಕಲಿಸ್ತಾರೆ ಮಾಮಿ, ತೆರೆದೇ ಇದ್ದರೆ ಏನು ಮಾಡಬೇಕು ಅಂತ ಕಲಿಸಲ್ಲ," ಎಂದು ರಂಜನಿ ನಕ್ಕು ಬಚ್ಚಲ ಹೊಸ್ತಿಲಲ್ಲೇ ಕುಕ್ಕರಗಾಲಲ್ಲಿ ಕೂತಳು. "ಕೋಪ ಮಾಡ್ಕೋಬೇಡಿ. ನಾನು ಇಂಥ ಮಕ್ಕಳನ್ನ ನೋಡಿದೀನಿ. ಸ್ನಾನ ಮುಗಿಸಿ, ಮಗೂಗೆ ನೆಗಡಿಯಾಗುತ್ತೆ."

'ನೋಡಿದೀನಿ' ಎಂಬ ಆ ಮಾತು ಕೇಳಿ ಅತ್ತೆಯ ಕೈ ನಿಂತಿತು. ಪ್ರಪಂಚದಲ್ಲಿ ಇಂಥ ಇನ್ನೊಂದು ಮಗು ಇರಬಹುದೆಂದು ಆ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ.

ಮಗುವನ್ನು ಒರೆಸಿ ಮಡಿಲಲ್ಲಿ ಹಾಕಿಕೊಂಡ ಮೇಲೆ ಅವರೇ ಶುರುಮಾಡಿದರು. "ಗ್ರಹಣದ ದಿನ ಇವಳು ಬಾಲ್ಕನಿಗೆ ಹೋಗಿದ್ದಳು. ಬೇಡ ಅಂದೆ. ಬಟ್ಟೆ ತೆಗೀತೀನಿ ಅಂತ ಹೋದಳು. ಅದೇ ಇದು."

ವೃಂದಾ ತಲೆ ತಗ್ಗಿಸಿದಳು. ಈ ಮಾತು ಅವಳಿಗೆ ಹೊಸದಲ್ಲ.

"ಹಾಗಾದರೆ ಆ ದಿನ ಹೊರಗಿದ್ದ ಬಸುರಿಯರಿಗೆಲ್ಲ ಇಂಥ ಮಗು ಹುಟ್ಟಬೇಕಾಗಿತ್ತಲ್ಲ ಮಾಮಿ? ನಮ್ಮ ಮರೀನಾ ಬೀಚಿನಲ್ಲಿ ಅವತ್ತು ಎಷ್ಟು ಜನ ಇದ್ದರು! ಇದು ಬಸುರಿನ ಮೊದಮೊದಲ ದಿನಗಳಲ್ಲೇ ತಾನಾಗಿ ಆಗುವಂಥದ್ದು. ಯಾರ ತಪ್ಪೂ ಅಲ್ಲ. ಅಂಟುರೋಗವೂ ಅಲ್ಲ."

"ಸರಿ, ತಪ್ಪಿಲ್ಲ. ಮಚ್ಚೆ ತಾನೇ? ಇದ್ದರೆ ಇರಲಿ. ಅದಕ್ಕೆ ತಲೆ ಸ್ಕ್ಯಾನ್ ಯಾಕೆ? ತಲೆ ಸ್ಕ್ಯಾನ್ ಅಂದರೆ ಜನ ಮಗೂಗೆ ಬುದ್ಧಿ ಸರಿಯಿಲ್ಲ ಅಂತಾರೆ."

"ಕೇಳಿ ಮಾಮಿ. ಚರ್ಮಕ್ಕೆ ಬಣ್ಣ ಕೊಡುವ ಕಣಗಳು ಮತ್ತು ನರಗಳ ಕಣಗಳು, ಹೊಟ್ಟೆಯೊಳಗೆ ಎರಡೂ ಒಂದೇ ಜಾಗದಿಂದ ಹೊರಡುತ್ತವೆ. ಒಂದೇ ಮನೆಯ ಮಕ್ಕಳಿದ್ದ ಹಾಗೆ. ಮಚ್ಚೆ ಇಷ್ಟು ದೊಡ್ಡದಿದ್ದರೆ, ಜೊತೆಗೆ ಹೀಗೆ ಅನೇಕ ಚಿಕ್ಕ ಮಚ್ಚೆಗಳಿದ್ದರೆ, ಕೆಲವು ಮಕ್ಕಳಲ್ಲಿ ಆ ಬಣ್ಣದ ಕಣಗಳು ಮಿದುಳಿನಲ್ಲೂ, ಅದರ ಹೊದಿಕೆಯಲ್ಲೂ ಕೂತಿರುತ್ತವೆ. ಎಲ್ಲರಲ್ಲೂ ಅಲ್ಲ. ತುಂಬಾ ಮಕ್ಕಳ ತಲೆಯಲ್ಲಿ ಏನೂ ಇರೋದಿಲ್ಲ. ಆದರೆ ಯಾರಲ್ಲಿದೆ, ಯಾರಲ್ಲಿಲ್ಲ ಅಂತ ಹೊರಗಿಂದ ನೋಡಿ ಹೇಳೋಕಾಗಲ್ಲ."

"ದೊಡ್ಡವಳಾಗಲಿ, ಆಮೇಲೆ ನೋಡಿದರಾಯ್ತು."

"ಅದೇ ಕಷ್ಟ. ಆ ಬಣ್ಣ ಮೈಮೇಲೆ ಕಪ್ಪು, ನಮ್ಮ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತೆ. ಎಳೇ ಮಗುವಿನ ಮಿದುಳು ಆ ಚಿತ್ರದಲ್ಲಿ ಮಂಕಾಗಿರುತ್ತೆ, ಅದಕ್ಕೇ ಚುಕ್ಕೆ ಕಾಣುತ್ತೆ. ಆರು ತಿಂಗಳು ದಾಟುತ್ತಾ ಬಂದ ಹಾಗೆ ಮಿದುಳೇ ಬೆಳ್ಳಗಾಗ್ತಾ ಹೋಗುತ್ತೆ. ಕಪ್ಪು ಸೀರೆ ಮೇಲೆ ಬಿಳೀ ಚುಕ್ಕೆ ಕಾಣುತ್ತೆ. ಸೀರೆಯೇ ಬಿಳಿಯಾದರೆ ಪುರಸೈವಾಕ್ಕಂ ಸೀರೆ ಅಂಗಡಿಯವನೇ ಬಂದರೂ ಹುಡುಕಿ ತೋರಿಸೋಕೆ ಕಷ್ಟ."

ಜಯಲಕ್ಷ್ಮಮ್ಮನವರಿಗೆ ನಗು ಬಂತು, ಆದರೆ ಬಿಟ್ಟುಕೊಡಲಿಲ್ಲ. "ಇವಳೂ ಬಿ.ಎಸ್ಸಿ., ನೀನೂ ಬಿ.ಎಸ್ಸಿ. ಇಬ್ಬರೂ ಸೇರಿ ನನಗೆ ಪಾಠ ಮಾಡ್ತಿದೀರಿ. ಮಗೂಗೆ ಆ ಬಿ.ಎಸ್ಸಿ. ಎಲ್ಲ ಗೊತ್ತಿಲ್ಲಮ್ಮ, ಹಾಲು ಒಂದೇ ಗೊತ್ತು. ಇಷ್ಟು ಎಳೇ ತಲೆಗೆ ಕರೆಂಟು ಹಾಯಿಸೋದಕ್ಕೆ ನಾನು ಬಿಡಲ್ಲ."

"ಕರೆಂಟು ಹಾಯಿಸಲ್ಲ. ಎಕ್ಸ್‌ರೇ ಕಿರಣವೂ ಇಲ್ಲ. ದೊಡ್ಡ ಅಯಸ್ಕಾಂತ ಅಷ್ಟೇ. ಸದ್ದು ಜೋರು, ಅದಕ್ಕೆ ಕಿವಿ ಮುಚ್ತೀವಿ. ಮಾಮಿ, ವೃಂದಾ ರಾತ್ರಿ..."

ಅವಳ ಮಾತು ಅಲ್ಲೇ ನಿಂತಿತು. ಅತ್ತೆಯ ಮಡಿಲಲ್ಲಿದ್ದ ಶ್ರೀಯಾಳ ಕಣ್ಣು ನಿಧಾನವಾಗಿ ಒಂದು ಪಕ್ಕಕ್ಕೆ ಹೊರಳುತ್ತಿತ್ತು. ಬಲಗೈ ಎದ್ದಿತು. ಈ ಸಲ ಕೈ ಬಿಗಿದು ನಿಲ್ಲಲಿಲ್ಲ, ಅದುರತೊಡಗಿತು. ತುಟಿಯ ಸುತ್ತ ನೀಲಿಯ ಛಾಯೆ ಹರಡಿತು.

"ಅಯ್ಯೋ! ವೃಂದಾ, ಬೀಗದ ಕೈ ಗೊಂಚಲು ಕೊಡೇ! ಕಬ್ಬಿಣ ಕೈಗೆ ಕೊಡಬೇಕು! ಸ್ಪೂನು ತಾ, ನಾಲಿಗೆ ಕಚ್ಕೊಳ್ಳುತ್ತೆ!"

"ಬೇಡ ಮಾಮಿ, ಕೈಗೂ ಬೇಡ, ಬಾಯಿಗೂ ಬೇಡ. ಒತ್ತಿ ಹಿಡೀಬೇಡಿ. ಚಾಪೆ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಜೊಲ್ಲು ಹೊರಗೆ ಹರೀಲಿ. ಕತ್ತಿನ ಗುಂಡಿ ಬಿಚ್ಚಿ. ವೃಂದಾ, ಗಡಿಯಾರ ನೋಡ್ಕೋ. ಐದು ನಿಮಿಷ ದಾಟಿದರೆ ಆಂಬುಲೆನ್ಸಿಗೆ, ನೂರೆಂಟಕ್ಕೆ ಫೋನು. ಈಗ ವಿಡಿಯೋ ತೆಗಿ."

"ಏನು?"

"ವಿಡಿಯೋ. ಡಾಕ್ಟರು ನೋಡಬೇಕು. ತೆಗಿ."

ಹೆತ್ತ ಮಗು ನೀಲಿಯಾಗುತ್ತಿರುವಾಗ ಫೋನು ಹಿಡಿದು ನಿಲ್ಲುವುದೆಂದರೆ ಏನೆಂದು ವೃಂದಾಳಿಗೆ ಆವತ್ತು ತಿಳಿಯಿತು. ಆದರೂ ತೆಗೆದಳು.

ಅದುರುವುದು ತಾನಾಗಿ ನಿಂತಿತು. ತುಟಿಗೆ ಬಣ್ಣ ಮರಳಿತು. ಜಯಲಕ್ಷ್ಮಮ್ಮ ತಾವೇ ಎತ್ತಿಕೊಂಡ ಬೀಗದ ಕೈ ಗೊಂಚಲನ್ನು ಮುಷ್ಟಿಯಲ್ಲೇ ಬಿಗಿಹಿಡಿದು ಗೋಡೆಗೆ ಒರಗಿದ್ದರು.

"ಇದು ಷಷ್ಠೀದೇವಿ ಅಲ್ಲ," ಎಂದರು ಮೆಲ್ಲಗೆ. ಆಮೇಲೆ, "ಆಟೋ ಕರಿ," ಎಂದರು.

ರಂಜನಿಯ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರ್ ಗಿರಿಧರ್ ವಿಡಿಯೋವನ್ನು ಎರಡು ಸಲ ನೋಡಿದರು. "ಇದು ಫಿಟ್ಸ್. ತೆಗೆದುಕೊಂಡು ಬಂದದ್ದು ಒಳ್ಳೆಯದಾಯಿತು. ಬಾಯಿಮಾತಿನಲ್ಲಿ ಹೇಳಿದರೆ ನನಗೆ ಇಷ್ಟು ಸ್ಪಷ್ಟವಾಗುತ್ತಿರಲಿಲ್ಲ," ಎಂದರು. ಮಗುವಿನ ಬೆನ್ನು ನೋಡಿದರು. ನೆತ್ತಿಯ ಮೇಲೆ ಬೆರಳಾಡಿಸಿ ಉಬ್ಬಿದೆಯೇ ಎಂದು ಪರೀಕ್ಷಿಸಿದರು. ತಲೆಯ ಸುತ್ತ ಟೇಪು ಹಿಡಿದರು. ಫಿಟ್ಸ್ ತಡೆಯುವ ಔಷಧಿ ಆವತ್ತೇ ಶುರುವಾಯಿತು. ಮಿದುಳು, ಬೆನ್ನುಹುರಿ ಎರಡರ ಎಂಆರ್‌ಐ ಮರುದಿನ ಬೆಳಿಗ್ಗೆ.

"ಕೆಲವು ಎಳೆಮಕ್ಕಳಿಗೆ ಹಾಲು ಕುಡಿಸಿ, ಬಟ್ಟೆ ಸುತ್ತಿ, ನಿದ್ದೆ ಬಂದ ಮೇಲೆ ಸ್ಕ್ಯಾನ್ ಮಾಡಿಬಿಡುತ್ತೇವೆ. ಮತ್ತಿನ ಔಷಧಿಯ ಅಗತ್ಯವೇ ಇರುವುದಿಲ್ಲ. ಇವಳಿಗೆ ಬೆನ್ನುಹುರಿಯನ್ನೂ ನೋಡಬೇಕು, ಚಿತ್ರ ಸ್ಪಷ್ಟವಾಗಲು ಕೊಡುವ ಇಂಜೆಕ್ಷನ್ನೂ ಇದೆ. ಬಹಳ ಹೊತ್ತು ಒಂದಿಷ್ಟೂ ಅಲುಗಾಡಬಾರದು. ಹಾಗಾಗಿ ಮತ್ತು ಕೊಡುತ್ತೇವೆ. ನಾವು ಹೇಳಿದ ಹೊತ್ತಿನ ಮೇಲೆ ಒಂದು ತೊಟ್ಟೂ ಹಾಲು ಕೊಡಬೇಡಿ."

'ಮತ್ತು' ಎಂಬ ಮಾತು ಜಯಲಕ್ಷ್ಮಮ್ಮನವರ ಎದೆಯಲ್ಲಿ ಕೂತುಬಿಟ್ಟಿತು. ಮಗುವನ್ನು ವಾರ್ಡಿಗೆ ಸೇರಿಸಿದ್ದರು. ಸಂಜೆ ಅಲ್ಲಿಂದ ತಾವು ಮನೆಗೆ ಹೊರಡುವಾಗ, "ಮತ್ತು ಕೊಟ್ಟರೆ ಏಳುತ್ತಾ? ಏಳದೇ ಹೋದರೆ?" ಎಂದು ವೃಂದಾಳನ್ನು ಕೇಳಿದರು.

ವೃಂದಾ, "ಡಾಕ್ಟರು ಪಕ್ಕದಲ್ಲೇ ಇರ್ತಾರೆ ಅತ್ತೆ," ಎಂದಳು. ಅವಳಿಗೂ ಅದೇ ಹೆದರಿಕೆ ಇತ್ತು.

ಮರುದಿನ ಬೆಳಿಗ್ಗೆ ಸ್ಕ್ಯಾನ್ ಕೋಣೆಯ ಹೊರಗೆ ಮಗು ಹಸಿವಿನಿಂದ ಕಿರುಚುತ್ತಿತ್ತು. ರಜೆ ಸಿಗದೆ ಹೋಗಿದ್ದ ಸತ್ಯಾತ್ಮ ರಾತ್ರಿ ಶಿಫ್ಟು ಮುಗಿಸಿ ಬರುತ್ತಿದ್ದ, ಇನ್ನೂ ದಾರಿಯಲ್ಲಿದ್ದ. ಒಳಗಿನಿಂದ ವೃಂದಾಳನ್ನು ಕರೆದರು. ಮಗುವಿನ ಸೊಂಟದ ಉಡಿದಾರ, ಬಳೆ, ಅಂಗಿಯ ಪಿನ್ನು, ಲೋಹದ್ದು ಏನಿದ್ದರೂ ತೆಗೆದಿಡಲು ಹೇಳಿದರು. ಹಿಂದಿನ ಆರೋಗ್ಯದ ವಿಚಾರವೆಲ್ಲ ಕೇಳಿಕೊಂಡರು. ಅಷ್ಟು ಹೊತ್ತು ಮಗು ಅಜ್ಜಿಯ ಕೈಯಲ್ಲಿತ್ತು.

ವೃಂದಾ ಹೊರಗೆ ಬಂದಾಗ ಅಳು ನಿಂತಿತ್ತು. ಮಗು ಅಜ್ಜಿಯ ಹೆಗಲ ಮೇಲೆ ಅರ್ಧ ಕಣ್ಣು ಮುಚ್ಚಿ ಮಲಗಿತ್ತು.

"ನೋಡು, ತಟ್ಟಿದೆ, ಸುಮ್ಮನಾಯ್ತು," ಎಂದರು ಜಯಲಕ್ಷ್ಮಮ್ಮ. ಅವರು ಸೊಸೆಯ ಮುಖ ನೋಡಲಿಲ್ಲ.

ವೃಂದಾ ಮಗುವನ್ನು ಎತ್ತಿಕೊಂಡಳು. ಬಾಯಿಯ ಹತ್ತಿರ ಮೂಗು ತಂದಳು. ಹಾಲಿನ ವಾಸನೆ. ಅದರ ಜೊತೆಗೆ ಇನ್ನೊಂದು. ಸಾಣೆಕಲ್ಲಿನ ಮೇಲೆ ತೇಯ್ದ ಜಾಯಿಕಾಯಿ, ಬಜೆ. ಎಳೆಮಕ್ಕಳಿಗೆ ಎಣ್ಣೆಸ್ನಾನದ ದಿನ ನೆಕ್ಕಿಸುವ ಸುತ್ತುಖಾರ.

"ಏನು ಕೊಟ್ಟಿರಿ ಅತ್ತೆ?"

"ಏನಿಲ್ಲ."

"ಅತ್ತೆ."

ಜಯಲಕ್ಷ್ಮಮ್ಮ ಸುತ್ತ ನೋಡಿದರು. ಅವರ ಕೈಚೀಲದ ಬಾಯಲ್ಲಿ ಮಗುವಿಗೆ ಹಾಲು ಹಾಕುವ ಬೆಳ್ಳಿಯ ಒಳಲೆಯ ಮೂತಿ ಕಾಣುತ್ತಿತ್ತು. "ಒಂದೇ ಒಂದು ಒಳಲೆ. ಹಾಲಲ್ಲಿ ಜಾಯಿಕಾಯಿ ಸ್ವಲ್ಪ ಜಾಸ್ತಿ ತೇಯ್ದು ತಂದಿದ್ದೆ. ಅದು ತಾನೇ ನಿದ್ದೆ ಮಾಡಿದರೆ ಇವರು ಸೂಜಿ ಚುಚ್ಚಬೇಕಾಗಿಲ್ಲವಲ್ಲ? ನಿನ್ನ ಗಂಡನಿಗೆ, ಅವನ ತಂಗಿಗೆ, ಎಲ್ಲರಿಗೂ ಕೊಟ್ಟಿದೀನಿ. ಯಾರೂ ಸತ್ತಿಲ್ಲ." ಆ ಕೊನೆಯ ಮಾತು ಬಾಯಿಂದ ಬಿದ್ದದ್ದೇ ಅವರೇ ಬೆಚ್ಚಿದರು. ಸೊಸೆಯ ತೋಳು ಹಿಡಿದುಕೊಂಡರು. "ಹೇಳಬೇಡ ಕಣೇ. ಸತ್ಯಾಗೆ ಗೊತ್ತಾದರೆ ಇನ್ನು ಮಗೂನ ನನ್ನ ಕೈಗೆ ಕೊಡಲ್ಲ. ಅವನ ಕೋಪ ನಿನಗೆ ಗೊತ್ತು."

ಬಾಗಿಲು ತೆರೆಯಿತು. ನರ್ಸು ತಮಿಳಿನಲ್ಲಿ ಕೇಳಿದಳು, ಕುಳಂದೈಕ್ಕು ಏದಾವದು ಕುಡುತ್ತೀಂಗಳಾ, ಮಗುವಿಗೆ ಏನಾದರೂ ಕೊಟ್ಟಿದ್ದೀರಾ ಎಂದು.

ಹೌದೆಂದರೆ ಇವತ್ತಿನ ಸರದಿ ಹೋಗುತ್ತದೆ. ಮತ್ತೆ ಯಾವತ್ತು? ಅಷ್ಟರಲ್ಲಿ ಇನ್ನೊಂದು ಫಿಟ್ಸ್ ಬಂದರೆ? ಹೊರಗೆ ಇಷ್ಟು ಜನರ ಎದುರು ಅತ್ತೆಯ ಮರ್ಯಾದೆ ಹೋಗುತ್ತದೆ. ಇಲ್ಲವೆಂದರೆ? ಒಂದೇ ಒಂದು ಒಳಲೆ. ಇಷ್ಟು ಚಿಕ್ಕ ಸುಳ್ಳು. ತೋಳಿನ ಮೇಲೆ ಅತ್ತೆಯ ಬೆರಳುಗಳು ಒತ್ತುತ್ತಲೇ ಇದ್ದವು. ಹೆಗಲ ಮೇಲಿನ ಮಗುವಿನ ತಲೆ ಎಂದಿಗಿಂತ ಭಾರವೆನಿಸಿತು.

"ಡಾಕ್ಟರನ್ನ ಕರೀರಿ," ಎಂದಳು ವೃಂದಾ. "ಮಗು ಈಗ ತಾನೇ ಹಾಲು ಕುಡಿದಿದೆ. ಅದರಲ್ಲಿ ಜಾಯಿಕಾಯಿ ಇತ್ತು, ಬಜೆ ಇತ್ತು."

ಮತ್ತಿನ ಔಷಧಿ ಕೊಡುವ ಡಾಕ್ಟರ್ ಸುಮತಿ ಹೊರಗೆ ಬಂದರು. ಬೈಯುತ್ತಾರೆಂದು ಇಬ್ಬರೂ ಹೆಂಗಸರು ಕಾದರು. ಅವರು ಬೈಯಲಿಲ್ಲ. ಎಷ್ಟು ಕೊಟ್ಟಿರಿ, ಯಾವಾಗ, ಎಂದಷ್ಟೇ ಕೇಳಿ, ಮಗುವನ್ನು ಒಳಗೆ ಕರೆದುಕೊಂಡು ಹೋಗಿ ಕಾಲ ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿಸಿದರು.

"ಜಾಯಿಕಾಯಿಯೂ ನಿದ್ದೆ ಬರಿಸುತ್ತೆ, ನಮ್ಮ ಔಷಧಿಯೂ ನಿದ್ದೆ ಬರಿಸುತ್ತೆ. ಎರಡೂ ಸೇರಿದರೆ ಉಸಿರು ಕುಗ್ಗಬಹುದು. ಹೊಟ್ಟೆಯಲ್ಲಿ ಹಾಲಿದ್ದರೆ ಇನ್ನೂ ಅಪಾಯ. ಇವತ್ತು ಸ್ಕ್ಯಾನ್ ಬೇಡ. ನಾಳೆಗೆ ಮೊದಲ ಸರದಿ ನಾನೇ ಕೇಳಿ ಕೊಡಿಸುತ್ತೇನೆ," ಎಂದರು.

ಅವರು ಇನ್ನೂ ಮಾತನಾಡುತ್ತಿದ್ದಂತೆ ಮಗು ಒಮ್ಮೆ ಬಿಕ್ಕಿತು. ಆಮೇಲೆ ಮೂಗು ಬಾಯಿಯಿಂದ ಒಡೆದ ಹಾಲು, ಕಂದು ಬಣ್ಣದ್ದು, ಒಂದೇ ಸಲಕ್ಕೆ ಹೊರಗೆ ಬಂತು. ಸುಮತಿ ಮಗುವನ್ನು ಸರಕ್ಕನೆ ಮಗ್ಗುಲಿಗೆ ತಿರುಗಿಸಿ ಬಾಯಿ ಶುಚಿಮಾಡಿದರು. ಮಗು ಕೆಮ್ಮಿತು. ಕೆಮ್ಮಿ, ಅತ್ತಿತು. ಆ ಅಳು ಕೇಳಿದ ಮೇಲೆಯೇ ಎಲ್ಲರೂ ಉಸಿರು ಬಿಟ್ಟರು.

"ಎಚ್ಚರವಿತ್ತು, ಕೆಮ್ಮಿತು," ಎಂದರು ಸುಮತಿ. "ಮತ್ತಿನಲ್ಲಿದ್ದಿದ್ದರೆ ಕೆಮ್ಮುತ್ತಿರಲಿಲ್ಲ. ಇದು ಶ್ವಾಸಕೋಶಕ್ಕೆ ಇಳಿಯುತ್ತಿತ್ತು."

ಜಯಲಕ್ಷ್ಮಮ್ಮ ಬಾಗಿಲಲ್ಲಿ ನಿಂತಿದ್ದರು. ಸೆರಗಿನ ತುದಿಯಿಂದ ನೆಲದ ಮೇಲಿನ ಹಾಲನ್ನು ಒರೆಸಲು ಬಗ್ಗಿದರು. ನರ್ಸು ಬೇಡವೆಂದರೂ ಒರೆಸಿದರು.

ಮರುದಿನ ಸ್ಕ್ಯಾನ್ ಆಯಿತು. ಹಿಂದಿನ ರಾತ್ರಿಯಿಡೀ ಅತ್ತೆ ವಾರ್ಡಿನ ಬೆಂಚಿನ ಮೇಲೆ ಸೊಸೆಯ ಪಕ್ಕದಲ್ಲೇ ಕೂತಿದ್ದರು. ಬೆಳಿಗ್ಗೆ ಮಗು ಹಸಿವಿಗೆ ಅತ್ತಾಗ ತಮ್ಮ ಕಿವಿ ಮುಚ್ಚಿಕೊಂಡರೇ ಹೊರತು ಮಗುವನ್ನು ಮುಟ್ಟಲಿಲ್ಲ.

ಮಗುವಿನ ಕಿವಿಗೆ ಹತ್ತಿ, ಅದರ ಮೇಲೆ ಮುಚ್ಚಳ. ಬಿಳೀ ಸುರಂಗದೊಳಗೆ ಅವಳ ಕಾಲು ಮಾತ್ರ ಕಾಣುತ್ತಿತ್ತು. ಗಾಜಿನ ಆಚೆ ರಂಜನಿ ಯಂತ್ರದ ಮುಂದೆ ಕೂತಿದ್ದಳು. ಡಾಕ್ಟರ್ ಸುಮತಿ ಒಳಗೇ ಇದ್ದರು. ಕಡಕಡ ಕಡಕಡ ಎಂದು ಗೋಡೆ ಕೊರೆಯುವಂಥ ಸದ್ದು ಹೊರಗಿನ ಬೆಂಚಿನವರೆಗೂ ಕೇಳುತ್ತಿತ್ತು. ವೃಂದಾ ಸದ್ದು ನಿಂತಾಗಲೆಲ್ಲ ಹೆದರುತ್ತಿದ್ದಳು, ಮತ್ತೆ ಶುರುವಾದಾಗಲೂ ಹೆದರುತ್ತಿದ್ದಳು. ಸತ್ಯಾತ್ಮ ಕಾರಿಡಾರಿನ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದ.

ಮಗು ಎದ್ದಿತು. ಅಮ್ಮನ ಎದೆ ಹುಡುಕಿತು.

ಸಂಜೆ ಡಾಕ್ಟರ್ ಗಿರಿಧರ್ ಚಿತ್ರ ತೋರಿಸಿದರು. ಮಂಕಾದ ಮಿದುಳಿನೊಳಗೆ, ಎರಡೂ ಕಿವಿಗಳ ನೇರಕ್ಕೆ, ಅಕ್ಕಿ ನುಚ್ಚಿನಂಥ ಬಿಳೀ ಚುಕ್ಕೆಗಳು. ರಂಜನಿ ಹೇಳಿದಂತೆಯೇ ಇದ್ದವು. ಇರದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡಳು ವೃಂದಾ.

"ಬಣ್ಣದ ಕಣಗಳು ಇಲ್ಲಿ ಇವೆ. ಫಿಟ್ಸ್ ಇಲ್ಲಿಂದಲೇ ಬಂದಿರಬೇಕು. ತಲೆಯಲ್ಲಿ ನೀರು ತುಂಬಿಲ್ಲ. ಗಡ್ಡೆಯಿಲ್ಲ. ಬೆನ್ನುಹುರಿ ಚೆನ್ನಾಗಿದೆ. ಇದು ಒಳ್ಳೆಯ ಸುದ್ದಿ," ಎಂದರು.

"ಹಾಗಾದರೆ ಗುಣ ಆಗುತ್ತಾ ಡಾಕ್ಟರೇ?" ಎಂದು ಸತ್ಯಾತ್ಮ ಕೇಳಿದ.

"ಆ ಕಣಗಳನ್ನು ತೆಗೆಯಲಾಗುವುದಿಲ್ಲ. ಫಿಟ್ಸನ್ನು ಔಷಧಿಯಿಂದ ಹಿಡಿತದಲ್ಲಿಡಬಹುದು. ಮುಂದೆ ಏನಾಗುತ್ತದೆ ಎಂದು ಇವತ್ತು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಇಂಥ ಕೆಲವು ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ. ಕೆಲವರಿಗೆ ಕಲಿಯುವುದು, ನಡೆಯುವುದು ತಡವಾಗುತ್ತದೆ. ಕೆಲವರಿಗೆ ತೊಂದರೆ ಹೆಚ್ಚುತ್ತದೆ. ನಾವು ನೋಡುತ್ತಿರಬೇಕು. ಎಲ್ಲಿ ನೋಡಬೇಕೆಂದು ಈಗ ನಮಗೆ ಗೊತ್ತಿದೆ. ಮುಂದೆ ಯಾವ ತೊಂದರೆ ಬಂದರೂ ಈ ಚಿತ್ರದ ಪಕ್ಕದಲ್ಲಿಟ್ಟು ಹೋಲಿಸಬಹುದು."

ಜಯಲಕ್ಷ್ಮಮ್ಮ ಮೊದಲ ಬಾರಿಗೆ ಬಾಯಿ ತೆರೆದರು. "ಮನೇಲಿ ನಾವು ಏನು ನೋಡ್ತಾ ಇರಬೇಕು, ಅದನ್ನ ನನಗೆ ಹೇಳಿ. ಹಗಲೆಲ್ಲ ಮಗು ನನ್ನ ಹತ್ತಿರ ಇರುತ್ತೆ."

ಓದುತ್ತಿರುವ ಅಮ್ಮಂದಿರೇ, ಅಜ್ಜಿಯರೇ, ಆ ದಿನ ಡಾಕ್ಟರು ಅವರಿಗೆ ಹೇಳಿದ್ದನ್ನು ನಿಮಗೂ ಹೇಳಬೇಕು. ಮಗುವಿನ ಮೈಮೇಲೆ ಹುಟ್ಟುವಾಗಲೇ ತುಂಬ ದೊಡ್ಡ ಮಚ್ಚೆ ಇದ್ದರೆ, ಅಥವಾ ಒಂದಕ್ಕಿಂತ ಹೆಚ್ಚು ಮಚ್ಚೆ ಇದ್ದರೆ, ಮುಚ್ಚಿಡಬೇಡಿ. ಮಕ್ಕಳ ಡಾಕ್ಟರಿಗೆ, ಚರ್ಮದ ಡಾಕ್ಟರಿಗೆ ತೋರಿಸಿ. ತಲೆಯ ಎಂಆರ್‌ಐ ಬೇಕೇ ಎಂದು ನೀವೇ ಕೇಳಿ. ಬೇಕೆಂದರೆ ಆರು ತಿಂಗಳಾಗುವ ಮೊದಲೇ ಆಗಲಿ. ತಡವಾಗಿದ್ದರೂ ಹೋಗಿ, ಇನ್ನು ಉಪಯೋಗವಿಲ್ಲವೆಂದು ನೀವೇ ತೀರ್ಮಾನಿಸಬೇಡಿ. ಮಗುವಿನ ಕಣ್ಣು ಒಂದೇ ಕಡೆ ನಿಂತರೆ, ಕೈಕಾಲು ಅದುರಿದರೆ, ಮತ್ತೆಮತ್ತೆ ವಾಂತಿಯಾದರೆ, ನೆತ್ತಿ ಉಬ್ಬಿದರೆ, ತಲೆ ಬೇಗಬೇಗ ದೊಡ್ಡದಾದರೆ, ಹಾಲಿಗೂ ಏಳದಷ್ಟು ಮಂಪರಿದ್ದರೆ, ಮಚ್ಚೆಯಲ್ಲಿ ಗಂಟು ಕಂಡರೆ, ಆವತ್ತೇ ಆಸ್ಪತ್ರೆಗೆ ಹೊರಡಿ. ಫಿಟ್ಸ್ ಬಂದಾಗ ಬಾಯಿಗೆ ಏನನ್ನೂ ಹಾಕಬೇಡಿ. ಮತ್ತಿನ ಔಷಧಿ ಕೊಡುವ ಮುಂಚೆ ಮಗುವಿಗೆ ಏನನ್ನಾದರೂ ಕೊಟ್ಟಿದ್ದರೆ, ಪ್ರೀತಿಯಿಂದ ಕೊಟ್ಟಿದ್ದರೂ, ಒಂದು ತೊಟ್ಟು ಕೊಟ್ಟಿದ್ದರೂ, ಡಾಕ್ಟರಿಗೆ ಹೇಳಿ. ಹೇಳಲು ಭಯವಾಗುತ್ತದೆ. ವೃಂದಾಳಿಗೂ ಆಗಿತ್ತು.

ಮನೆಗೆ ಬಂದ ಮೇಲೆ ಜಯಲಕ್ಷ್ಮಮ್ಮ ಮಗುವಿನ ತುಂಬುತೋಳಿನ ಅಂಗಿ ಬಿಚ್ಚಿ, ಬೆನ್ನು ತೆರೆದಿರುವ ತೆಳ್ಳನೆಯ ಹತ್ತಿ ಜಬಲಾ ತೊಡಿಸಿ, ಬಾಲ್ಕನಿಯ ನೆರಳಿನಲ್ಲಿ ಕೂತರು. ಎದುರುಮನೆಯ ಕೃಷ್ಣಮೂರ್ತಿಗಳ ಹೆಂಡತಿ, "ಏನಿದು ಜಯಾ, ಮಗೂ ಬೆನ್ನು?" ಎಂದು ಕೂಗಿ ಕೇಳಿದರು.

"ಹುಟ್ಟು ಮಚ್ಚೆ. ಡಾಕ್ಟರಿಗೆ ತೋರಿಸ್ತಾ ಇದೀವಿ," ಎಂದರು ಜಯಲಕ್ಷ್ಮಮ್ಮ. ಮಗುವನ್ನು ಮುಚ್ಚಿಕೊಳ್ಳಲಿಲ್ಲ.

ಒಳಗೆ ಸತ್ಯಾತ್ಮ ಔಷಧಿಯ ಬಾಟಲಿಗಳನ್ನು ಕಪಾಟಿನಲ್ಲಿ ಜೋಡಿಸುತ್ತಿದ್ದ.

"ಮೊದಲನೇ ದಿನ ಸ್ಕ್ಯಾನ್ ಯಾಕೆ ನಿಂತುಹೋಯ್ತು? ನಾನು ಬರುವಷ್ಟರಲ್ಲಿ ನಾಳೆ ಅಂದುಬಿಟ್ಟಿದ್ದರು. ಅಮ್ಮನ್ನ ಕೇಳಿದರೆ ಅಳ್ತಾಳೆ. ಏನಾಯ್ತು?"

ಬಾಲ್ಕನಿಯಲ್ಲಿದ್ದ ಅತ್ತೆ ತಿರುಗಿ ನೋಡಲಿಲ್ಲ. ಆದರೆ ಮಗುವಿನ ಬೆನ್ನ ಮೇಲೆ ಆಡುತ್ತಿದ್ದ ಅವರ ಕೈ ನಿಂತದ್ದು ವೃಂದಾಳಿಗೆ ಕಂಡಿತು.

ಡಾಕ್ಟರಿಗೆ ಗೊತ್ತಿರಬೇಕಾಗಿತ್ತು, ಗೊತ್ತಾಗಿತ್ತು. ಆಸ್ಪತ್ರೆಯವರು ತಮ್ಮ ಕಡತದಲ್ಲೂ ಬರೆದುಕೊಂಡಿದ್ದರು. ಮಗುವಿಗೆ ನಾಳೆಯೂ ಹೊತ್ತಿಗೆ ಸರಿಯಾಗಿ ಔಷಧಿ ಹಾಕಬೇಕು, ಹಗಲೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಅದಕ್ಕೆ ಅತ್ತೆಯ ಆ ಕೈಗಳು ಬೇಕಾಗಿದ್ದವು.

"ಮಗು ಸ್ವಲ್ಪ ವಾಂತಿ ಮಾಡಿತು. ಅದಕ್ಕೆ ಮುಂದಕ್ಕೆ ಹಾಕಿದರು," ಎಂದಳು ವೃಂದಾ.

ವಾಂತಿ ಮಾಡಿದ್ದು ಸುಳ್ಳಲ್ಲ. ಉಳಿದದ್ದನ್ನು ಅವಳು ಗಂಡನಿಗಾಗಲಿ, ತವರಿನವರಿಗಾಗಲಿ, ಇನ್ನಾರಿಗಾಗಲಿ ಎಂದಿಗೂ ಹೇಳಬಾರದೆಂದು ಆ ಕ್ಷಣದಲ್ಲೇ ನಿರ್ಧರಿಸಿದಳು.